ನಡುಸಮುದ್ರದಲ್ಲಿ ಮೆಕ್ಯಾನಿಕ್ ಸಿಗಲ್ಲ: ಟಾಯ್ಲೆಟ್ ಬಾಗಿಲು ಕೊಯ್ದು ದೋಣಿ ನಡೆಸಿದವರ ಕತೆ

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)



ಹೋದ ಸಲ ಸಮುದ್ರಯಾನದ ಬಗ್ಗೆ ಎರಡು ಮಾತು ಹೇಳಿದ್ದೆ. ಅದಕ್ಕೆ ಚಳ್ಳಕೆರೆಯಿಂದ ಐಟಿಐ ಓದ್ತಿರೋ ಹುಡುಗನೊಬ್ಬ ವಾಯ್ಸ್ ನೋಟ್ ಕಳಿಸಿದ್ದಾನೆ. ಪ್ರಶ್ನೆ ಇಷ್ಟೇ: "ಅಣ್ಣಾ, ಲಾರಿ ಕೆಟ್ರೆ ಹೈವೇಲಿ ಯಾರಾದ್ರೂ ಸಿಗ್ತಾರೆ. ನಡುಸಮುದ್ರದಾಗೆ ದೋಣಿ ಕೆಟ್ರೆ ಏನ್ ಮಾಡ್ತಾರೆ? ರಿಪೇರಿ ಯಾರ್ ಮಾಡ್ತಾರೆ?"

ಇವತ್ತಿನ ಸಂಚಿಕೆ ಪೂರ್ತಿ ಈ ಒಂದು ಪ್ರಶ್ನೆಗೆ ಉತ್ತರ. ಚಳ್ಳಕೆರೆಯಿಂದ ಕಾರವಾರದ ಕಡಲಿಗೆ ರಸ್ತೆಯಲ್ಲಿ ಮುನ್ನೂರು ಕಿಲೋಮೀಟರ್‌ಗೂ ಹೆಚ್ಚು ದೂರ. ಆ ಕಡೆ ಹುಟ್ಟಿ ಬೆಳೆದ ನಾನು ಚಿಕ್ಕಂದಿನಲ್ಲಿ ತುಂಬಿದ ಕೆರೆ ನೋಡಿದ್ದೇ ಅಪರೂಪ. ಆದರೂ ಈ ಕತೆ ಓದ್ತಾ ಹೋದ ಹಾಗೆ ಇದು ನಮ್ಮ ಬಯಲುಸೀಮೆಗೆ ಚೆನ್ನಾಗಿ ಅರ್ಥವಾಗೋ ಕತೆ ಅನ್ನಿಸ್ತು. ಯಾಕೆ ಅಂತ ಹೇಳ್ತೀನಿ.

ಮೊದಲು, ಇದು ಎಂಥ ರೇಸ್?

ಗೋಲ್ಡನ್ ಗ್ಲೋಬ್ ರೇಸ್ ಅಂತ ಒಂದಿದೆ. ಒಂದು ಹಾಯಿದೋಣಿ, ಅದರಲ್ಲಿ ಒಬ್ಬರೇ ಒಬ್ಬರು. ಫ್ರಾನ್ಸಿನ ಲೇ ಸಾಬ್ಲ್ ದೊಲೋನ್ ಅನ್ನೋ ಊರಿಂದ ಹೊರಟು, ಆಫ್ರಿಕಾದ ತುದಿ ದಾಟಿ, ಆಸ್ಟ್ರೇಲಿಯಾದ ಕೆಳಗೆ ಹಾದು, ದಕ್ಷಿಣ ಅಮೆರಿಕದ ಕೇಪ್ ಹಾರ್ನ್ ಸುತ್ತಿ, ಮತ್ತೆ ಅದೇ ಊರಿಗೆ ವಾಪಸ್ ಬರಬೇಕು. ಹೆಚ್ಚುಕಡಿಮೆ 48,000 ಕಿಲೋಮೀಟರ್. ಎಲ್ಲೂ ಬಂದರಿಗೆ ಹೋಗಿ ನಿಲ್ಲೋ ಹಾಗಿಲ್ಲ. ಹೊರಗಿನವರ ಸಹಾಯ ತಗೊಳ್ಳೋ ಹಾಗಿಲ್ಲ.

ಇನ್ನೊಂದು ವಿಚಿತ್ರ ನಿಯಮ ಇದೆ. ದಾರಿ ಹುಡುಕೋಕೆ ಜಿಪಿಎಸ್ ಬಳಸುವಂತಿಲ್ಲ. ಕಾಗದದ ನಕ್ಷೆ, ಗಡಿಯಾರ, ಸೂರ್ಯ ಮತ್ತು ನಕ್ಷತ್ರದ ಎತ್ತರ ಅಳೆಯೋ ಸೆಕ್ಸ್‌ಟೆಂಟ್ ಅನ್ನೋ ಉಪಕರಣ, ಇಷ್ಟೇ. ದೋಣಿಯೂ ಹಳೇ ಮಾದರಿಯದ್ದಾಗಿರಬೇಕು, 36 ಅಡಿ ಮೀರಬಾರದು. ನಮ್ಮ ಕೆಎಸ್‌ಆರ್‌ಟಿಸಿ ಕೆಂಪು ಬಸ್ಸು ನೆನಪು ಮಾಡ್ಕೊಳ್ಳಿ, ಹತ್ತಿರ ಹತ್ತಿರ ಅಷ್ಟೇ ಉದ್ದ. ಅದರೊಳಗೆ ಅಡುಗೆ, ಮಲಗೋ ಜಾಗ, ಟಾಯ್ಲೆಟ್, ಎಂಟು ತಿಂಗಳ ರೇಷನ್ನು, ನೀರು, ಬಿಡಿಭಾಗ.

2022ರ ಸೆಪ್ಟೆಂಬರ್ 4ರಂದು 16 ಜನ ಹೊರಟರು. ಮುಖ್ಯ ವಿಭಾಗದಲ್ಲಿ ಕೊನೆ ಮುಟ್ಟಿದ್ದು ಬರೀ 3 ಜನ. ಮೊದಲು ಬಂದವರು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್. ಎರಡನೆಯವರು ನಮ್ಮ ನೌಕಾಪಡೆಯ ನಿವೃತ್ತ ಕಮಾಂಡರ್, ಕೇರಳ ಮೂಲದ ಅಭಿಲಾಷ್ ಟೋಮಿ. 2023ರ ಏಪ್ರಿಲ್ 29ರಂದು ದಡ ಸೇರಿದಾಗ ಅವರು ಸಮುದ್ರದಲ್ಲಿ ಕಳೆದಿದ್ದು 236 ದಿನ.

ಉಳಿದವರಿಗೆ ಏನಾಯ್ತು? ಒಬ್ಬರ ದೋಣಿಯೇ ಮುಳುಗಿತು. ಕೆಲವರು ಏನೋ ಒಂದು ಮುರಿದು ದಾರಿ ಬಿಟ್ಟರು. ವೇಗಕ್ಕಿಂತ ಹೆಚ್ಚಾಗಿ ದೋಣಿಯನ್ನು ಒಡೆಯದೆ, ಒಡೆದಿದ್ದನ್ನು ಮತ್ತೆ ಕೂಡಿಸಿ, ಮನೆ ತಲುಪಿಸೋದೇ ಈ ರೇಸು.

ಒಂದು ದಿನ ಹೇಗಿರುತ್ತೆ?

ಮೊದಲನೇ ವಿಷಯ ನಿದ್ದೆ. ಒಬ್ಬರೇ ಇರೋದ್ರಿಂದ ಎಂಟು ಗಂಟೆ ಒಟ್ಟಿಗೆ ಮಲಗೋಕಾಗಲ್ಲ. ಹಡಗು ಓಡಾಡೋ ಜಾಗದಲ್ಲಿ ಇಪ್ಪತ್ತು ಮೂವತ್ತು ನಿಮಿಷದ ತುಂಡು ನಿದ್ದೆ. ರಾತ್ರಿ ಪಾಳಿಯಲ್ಲಿ ಕರೆಂಟ್ ಕೊಟ್ಟಾಗ ಹೊಲಕ್ಕೆ ನೀರು ಹಾಯಿಸೋಕೆ ಹೋಗೋ ರೈತರಿಗೆ ಈ ತುಂಡು ನಿದ್ದೆ ಗೊತ್ತು. ಪಂಪಿನ ಸದ್ದು ಬದಲಾದ್ರೆ ಸಾಕು, ಎಚ್ಚರ ಆಗಿಬಿಡುತ್ತೆ. ದೋಣಿಯಲ್ಲೂ ಅಷ್ಟೇ. ಹಗ್ಗ ಬಡಿಯೋ ಸದ್ದು, ನೀರು ಸೀಳೋ ಸದ್ದು ಸ್ವಲ್ಪ ಬೇರೆಯಾದ್ರೂ ಏಳಬೇಕು.

ಎರಡನೇದು ನೀರು. ಸುತ್ತ ನೀರೇ ನೀರು, ಕುಡಿಯೋಕೆ ಹನಿ ಇಲ್ಲ. ಮಳೆ ಬಂದಾಗ ಹಾಯಿಯ ಬುಡದಲ್ಲಿ ಬಕೆಟ್ ಇಟ್ಟು ಹಿಡಿಯಬೇಕು. ಮೊದಲ ನೀರು ಉಪ್ಪು, ಅದನ್ನ ಚೆಲ್ಲಿ ಆಮೇಲಿನದ್ದು ತುಂಬಿಸಿಕೊಳ್ಳಬೇಕು. ಮಳೆ ನಂಬಿ ಬದುಕೋದು ಏನು ಅಂತ ಚಳ್ಳಕೆರೆ, ಮೊಳಕಾಲ್ಮೂರಿನ ಶೇಂಗಾ ಬೆಳೆಗಾರರಿಗೆ ನಾನು ವಿವರಿಸಬೇಕಿಲ್ಲ.

ಮೂರನೇದು ತಪಾಸಣೆ. ಬೆಳಗಾದ ತಕ್ಷಣ ದೋಣಿಯ ಮುಂದಿಂದ ಹಿಂದಕ್ಕೆ ಒಂದು ಸುತ್ತು. ಯಾವ ಹಗ್ಗ ಸವೆದಿದೆ, ಯಾವ ನಟ್ಟು ಸಡಿಲ, ಎಲ್ಲಿ ಹೊಲಿಗೆ ಬಿಟ್ಟಿದೆ. ಇದನ್ನ ಒಂದು ದಿನ ತಪ್ಪಿಸಿದ್ರೆ ಸಣ್ಣದು ದೊಡ್ಡದಾಗುತ್ತೆ. ಸಮುದ್ರದಲ್ಲಿ ಸಾಮಾನು ಮುರಿಯೋದಕ್ಕೆ ಮುಖ್ಯ ಕಾರಣ ಒಂದೇ ಒಂದು ದೊಡ್ಡ ಅಲೆ ಅಲ್ಲ, ಲಕ್ಷಾಂತರ ಸಣ್ಣ ಅಲೆ. ಒಂದೇ ಜಾಗದಲ್ಲಿ ಉಜ್ಜಿ ಉಜ್ಜಿ, ಬಾಗಿ ಬಾಗಿ ಲೋಹವೂ ದಣಿಯುತ್ತೆ. ತಂತಿಯನ್ನು ಹತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿದ್ರೆ ತುಂಡಾಗುತ್ತಲ್ಲ, ಅದೇ ಲೆಕ್ಕ.

ಟಾಯ್ಲೆಟ್ ಬಾಗಿಲಿನ ಕತೆ

ಒಬ್ಬರೇ ಇರೋ ದೋಣಿಯಲ್ಲಿ ಮಲಗಿದಾಗ ಚುಕ್ಕಾಣಿ ಹಿಡಿಯೋರು ಯಾರು? ಅದಕ್ಕೊಂದು ಯಂತ್ರ ಇದೆ, ವಿಂಡ್‌ವೇನ್ ಅಂತ. ಕರೆಂಟ್ ಬೇಡ, ಬ್ಯಾಟರಿ ಬೇಡ. ದೋಣಿಯ ಹಿಂಬದಿಯಲ್ಲಿ ಒಂದು ಹಲಗೆ ಗಾಳಿಗೆ ಎದುರಾಗಿ ನಿಂತಿರುತ್ತೆ. ದೋಣಿ ದಿಕ್ಕು ತಪ್ಪಿದ್ರೆ ಗಾಳಿ ಪಕ್ಕದಿಂದ ಬಡಿದು ಆ ಹಲಗೆ ವಾಲುತ್ತೆ. ಅದು ವಾಲಿದಾಗ ನೀರಿನೊಳಗೆ ಇಳಿಬಿಟ್ಟಿರೋ ಇನ್ನೊಂದು ಹಲಗೆ ತಿರುಗುತ್ತೆ. ಓಡ್ತಿರೋ ನೀರು ಆ ಹಲಗೆಯನ್ನ ಜೋರಾಗಿ ಪಕ್ಕಕ್ಕೆ ತಳ್ಳುತ್ತೆ. ಅದಕ್ಕೆ ಕಟ್ಟಿರೋ ಹಗ್ಗ ಚುಕ್ಕಾಣಿಯನ್ನ ಎಳೆಯುತ್ತೆ. ದೋಣಿ ಮತ್ತೆ ದಾರಿಗೆ ಬರುತ್ತೆ. ಗಾಳಿ ಸೂಚನೆ ಕೊಡುತ್ತೆ, ನೀರು ಬಲ ಕೊಡುತ್ತೆ.

ಈ ಯಂತ್ರ ಕೆಟ್ಟರೆ ಒಬ್ಬಂಟಿ ನಾವಿಕನ ಕತೆ ಮುಗಿದ ಹಾಗೆ. ದಿನದ 24 ಗಂಟೆ ಚುಕ್ಕಾಣಿ ಹಿಡಿದು ಕೂರೋಕೆ ಯಾರಿಂದಲೂ ಆಗಲ್ಲ.

2022ರ ರೇಸಿನಲ್ಲಿ ಕೆಲವರಿಗೆ ಇದೇ ಯಂತ್ರ ಕೈ ಕೊಟ್ಟಿತು. ಬ್ರಿಟನ್ನಿನ ಸೈಮನ್ ಕರ್ವೆನ್ ಎಲ್ಲರಿಗಿಂತ ಮುಂದಿದ್ದರು. ಪೆಸಿಫಿಕ್‌ನಲ್ಲಿ, ಕೇಪ್ ಹಾರ್ನ್ ಕಡೆ ಹೋಗೋ ದಾರಿಯಲ್ಲಿ ಅವರ ವಿಂಡ್‌ವೇನ್ ಮುರಿಯಿತು. ದೋಣಿ ಮೇಲೆ ಸರಿಮಾಡಲಾಗದೆ ಚಿಲಿ ದೇಶದ ಬಂದರಿಗೆ ಹೋಗಿ ರಿಪೇರಿ ಮಾಡಿಸಿಕೊಂಡರು. ನಿಯಮದ ಪ್ರಕಾರ ಒಂದು ಸಲ ಬಂದರಿಗೆ ಹೋದರೆ ಮುಖ್ಯ ವಿಭಾಗದಿಂದ ಹೊರಗೆ. ಆಮೇಲೆ ಅವರು ಎಷ್ಟು ಚೆನ್ನಾಗಿ ದೋಣಿ ನಡೆಸಿದರು ಅಂದ್ರೆ, 2023ರ ಏಪ್ರಿಲ್ 27ರಂದು ಎಲ್ಲರಿಗಿಂತ ಮೊದಲು ದಡ ಮುಟ್ಟಿದವರು ಅವರೇ. ಆದರೆ ಗೆಲುವು ಅದೇ ದಿನ ಅವರ ಹಿಂದೆ ಬಂದ ಕರ್ಸ್ಟನ್ ಅವರದ್ದು.

ಅಭಿಲಾಷ್ ಅವರ ವಿಂಡ್‌ವೇನ್ ಕೂಡ ಮತ್ತೆ ಮತ್ತೆ ಮುರಿಯಿತು. ತಂದಿದ್ದ ಬಿಡಿಭಾಗ ಖಾಲಿ. ಆಗ ಅವರು ದೋಣಿಯೊಳಗೆ ಏನೇನಿದೆ ಅಂತ ನೋಡಿದರು. ಗಟ್ಟಿ ಹಲಗೆ ಬೇಕಿತ್ತು. ಟಾಯ್ಲೆಟ್ ಬಾಗಿಲು ಕಾಣಿಸಿತು. ಅದನ್ನ ಕೊಯ್ದು ವಿಂಡ್‌ವೇನ್‌ಗೆ ಭಾಗ ಮಾಡಿಕೊಂಡರು. ದೋಣಿ ಮುಂದೆ ಹೋಯಿತು.

ನಗು ಬರುತ್ತೆ, ಆದರೆ ಸ್ವಲ್ಪ ಯೋಚನೆ ಮಾಡಿ. ಒಬ್ಬರೇ ಇರೋ ದೋಣಿಯಲ್ಲಿ ಟಾಯ್ಲೆಟ್‌ಗೆ ಬಾಗಿಲು ಯಾರಿಗೆ ಬೇಕು? ದಡದಲ್ಲಿ ಅದು ಬಾಗಿಲು. ಅಲ್ಲಿ ಅದು ಒಳ್ಳೇ ಮರದ ಹಲಗೆ, ಅಷ್ಟೇ. ಇದು ಇಲ್ಲದಿದ್ದರೂ ನಡೆಯುತ್ತೆ, ಅದು ಇಲ್ಲದಿದ್ದರೆ ನಡೆಯಲ್ಲ ಅಂತ ಬೇರ್ಪಡಿಸಿ ನೋಡೋದೇ ಅರ್ಧ ರಿಪೇರಿ.

ಹಾಯಿ ಹರಿದರೆ: ಮೊಳಕಾಲ್ಮೂರಿಗೆ ಗೊತ್ತಿರೋ ವಿದ್ಯೆ

ಈಗ ಹಾಯಿಗೆ ಬರೋಣ. ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ, ಜಿಐ ಮಾನ್ಯತೆ ಇರೋ ಕೈಮಗ್ಗದ ಸೀರೆ. ಅಲ್ಲಿನ ಹಿರಿಯ ನೇಕಾರರೊಬ್ಬರಿಗೆ ನಾನು ಫೋನಲ್ಲಿ ಹಾಯಿಬಟ್ಟೆಯ ಫೋಟೊ ಜೂಮ್ ಮಾಡಿ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಇದೂ ಹಾಸು ಹೊಕ್ಕೇ ಅಲ್ವೇನಪ್ಪಾ" ಅಂದರು.

ಹೌದು. ಈ ದೋಣಿಗಳ ಹಾಯಿ ಪಾಲಿಯೆಸ್ಟರ್ ನೂಲಿನದ್ದು, ಆದರೆ ನೇಯ್ಗೆ ಅದೇ. ಉದ್ದಕ್ಕೆ ಬಿಗಿದ ಎಳೆ ಹಾಸು, ಲಾಳಿ ಅಡ್ಡಡ್ಡ ಹಾಯಿಸೋ ಎಳೆ ಹೊಕ್ಕು. ಮನೆಯಲ್ಲಿ ಒಂದು ಕರ್ಚೀಫು ತಗೊಳ್ಳಿ. ಉದ್ದಕ್ಕೆ ಎಳೀರಿ, ಹಿಗ್ಗಲ್ಲ. ಅಗಲಕ್ಕೆ ಎಳೀರಿ, ಹಿಗ್ಗಲ್ಲ. ಮೂಲೆಯಿಂದ ಮೂಲೆಗೆ ಎಳೀರಿ, ಹಿಗ್ಗುತ್ತೆ. ಹಾಯಿ ಹೊಲಿಯೋರಿಗೆ ಇದೇ ಮೂಲಪಾಠ. ಗಾಳಿಯ ಎಳೆತ ಯಾವ ದಿಕ್ಕಿಗೆ ಬೀಳುತ್ತೋ ಆ ದಿಕ್ಕಿಗೆ ಎಳೆ ನೇರ ಬರೋ ಹಾಗೆ ತುಂಡುಗಳನ್ನ ಕತ್ತರಿಸಿ ಜೋಡಿಸ್ತಾರೆ. ಇಲ್ಲದಿದ್ರೆ ಹಾಯಿ ಹಿಗ್ಗಿ ಜೋಲು ಬೀಳುತ್ತೆ.

ಬಟ್ಟೆಗಿಂತ ಮೊದಲು ಸಾಯೋದು ಹೊಲಿಗೆ ದಾರ. ದಾರ ಬಟ್ಟೆಯ ಮೇಲೆ ಎದ್ದು ನಿಂತಿರುತ್ತೆ, ಹಗ್ಗ, ತಂತಿ, ಕಂಬಕ್ಕೆ ಉಜ್ಜುತ್ತೆ. ಬಿಸಿಲು ಬೇರೆ. ಒಂದು ಹೊಲಿಗೆ ಬಿಟ್ಟರೆ ಪಕ್ಕದ ಹೊಲಿಗೆಗೆ ಎರಡರಷ್ಟು ಭಾರ, ಅದು ಬಿಡುತ್ತೆ, ಆಮೇಲೆ ಜರ್ ಅಂತ ಮೇಲಿಂದ ಕೆಳಗೆ.

ರಿಪೇರಿ ಹೇಗೆ? ಮೊದಲು ಹಾಯಿ ಇಳಿಸಿ, ಹರಿದ ಜಾಗದ ಉಪ್ಪನ್ನ ಸಿಹಿನೀರಿಂದ ಒರೆಸಿ ಒಣಗಿಸಬೇಕು. ಉಪ್ಪು ತೇವ ಎಳೆಯುತ್ತೆ, ಅಂಟು ಹಿಡಿಯಲ್ಲ. ಕುಡಿಯೋ ನೀರನ್ನೇ ಅದಕ್ಕೆ ಖರ್ಚು ಮಾಡಬೇಕು ಅನ್ನೋದನ್ನ ಮರೀಬೇಡಿ. ಹರಿದ ಎರಡೂ ಅಂಚನ್ನ ಜೋಡಿಸಿ, ತೇಪೆಯ ಎಳೆ ಹಾಯಿಯ ಎಳೆಯ ದಿಕ್ಕಿಗೇ ಬರೋ ಹಾಗೆ ಇಡಬೇಕು. ತೇಪೆಯ ಮೂಲೆಗಳನ್ನ ದುಂಡಗೆ ಕತ್ತರಿಸಬೇಕು, ಚೂಪಾದ ಮೂಲೆ ಬೇಗ ಕಿತ್ತು ಬರುತ್ತೆ. ಆಮೇಲೆ ಅಡ್ಡಾದಿಡ್ಡಿ ಹೊಲಿಗೆ.

ಸೂಜಿ ನಮ್ಮ ದಬ್ಬಳದ ತಮ್ಮ. ಚಳ್ಳಕೆರೆ ಮಾರ್ಕೆಟ್ಟಿನಲ್ಲಿ ಶೇಂಗಾ ಚೀಲದ ಬಾಯಿ ಹೊಲಿಯೋರನ್ನ ನೋಡಿದ್ದೀರಲ್ಲ, ಹಾಗೇ. ವ್ಯತ್ಯಾಸ ಏನಂದ್ರೆ ಅಂಗೈಗೆ ಒಂದು ಚರ್ಮದ ಪಟ್ಟಿ ತೊಡ್ತಾರೆ, ಅದರಲ್ಲಿ ಲೋಹದ ಬಿಲ್ಲೆ ಇರುತ್ತೆ. ಸೂಜಿಯ ಹಿಂಬದಿಯನ್ನ ಅದರಿಂದ ಒತ್ತಿ ನೂಕ್ತಾರೆ. ಇದೆಲ್ಲ ಕುಲುಕೋ ಬಸ್ಸಲ್ಲಿ ನಿಂತು ಸೂಜಿಗೆ ದಾರ ಪೋಣಿಸಿದ ಹಾಗೆ, ಗಂಟೆಗಟ್ಟಲೆ.

ಆ ನೇಕಾರರು ಇನ್ನೊಂದು ಮಾತು ಹೇಳಿದರು: "ಎಳೆ ಕಡಿಯೋದು ತಪ್ಪಲ್ಲ ಕಣಪ್ಪಾ. ಕಡಿದಿದ್ದು ಕಾಣದೆ ನೇಯ್ಕೊಂಡು ಹೋಗೋದು ತಪ್ಪು." ಬೆಳಗಿನ ತಪಾಸಣೆಯ ಅರ್ಥವನ್ನ ಇದಕ್ಕಿಂತ ಚೆನ್ನಾಗಿ ನನಗೆ ಹೇಳೋಕೆ ಬರಲ್ಲ.

ಮುಂಬೈ ಮರ, ಮೂರು ಹಾಳೆ

ಈ ರೇಸಿನ ಮೂಲ 1968ರದ್ದು. ಅವತ್ತು 9 ಜನ ಹೊರಟಿದ್ದರು, ಪೂರ್ತಿ ಮಾಡಿದ್ದು ಒಬ್ಬರೇ: ಬ್ರಿಟನ್ನಿನ ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ದೋಣಿ ಸುಹೈಲಿ, ನಮ್ಮ ಮುಂಬೈಯಲ್ಲಿ ತೇಗದ ಮರದಲ್ಲಿ ಕಟ್ಟಿದ್ದು. 1969ರ ಏಪ್ರಿಲ್ 22ರಂದು ಅವರು ವಾಪಸ್ ಬಂದರು. ನಡುವೆ ಎಲ್ಲೂ ನಿಲ್ಲದೆ ಒಬ್ಬರೇ ಭೂಮಿ ಸುತ್ತಿದ ಮೊದಲಿಗರು.

ದಾರಿಯಲ್ಲಿ ದೋಣಿ ಸೋರೋಕೆ ಶುರುವಾಯಿತು. ತಳದ ಹಲಗೆಗಳ ಸಂದಿ ಬಿಟ್ಟಿತ್ತು. ನೀರಿಗೆ ಇಳಿದು, ಉಸಿರು ಹಿಡಿದಷ್ಟು ಹೊತ್ತು ಕೆಲಸ, ಮೇಲೆ ಬಂದು ಉಸಿರು, ಮತ್ತೆ ಕೆಳಗೆ. ಬರೀ ಹತ್ತಿ ತುರುಕಿದರೆ ನಿಲ್ಲಲಿಲ್ಲ. ಕ್ಯಾನ್ವಾಸ್ ಪಟ್ಟಿಗೆ ಹತ್ತಿ ಹೊಲಿದು, ಅದನ್ನ ಸಂದಿಗೆ ಮೊಳೆ ಹೊಡೆದು, ಮೇಲೆ ತಾಮ್ರದ ಪಟ್ಟಿ ಬಡಿದರು. ನಡುವೆ ಒಂದು ಶಾರ್ಕ್ ಬೇರೆ ಸುತ್ತೋಕೆ ಬಂತು. ಮೇಲೆ ಹತ್ತಿ ಅದಕ್ಕೆ ಗುಂಡು ಹೊಡೆದು, ಆಮೇಲೆ ಕೆಲಸ ಮುಂದುವರಿಸಿದರು.

ಮೆಕ್ಯಾನಿಕ್ ಕೆಲಸ ಕಲಿಯೋರಿಗೆ ಇನ್ನೊಂದು ಘಟನೆ ಇಷ್ಟ ಆಗುತ್ತೆ. ಬ್ಯಾಟರಿ ಚಾರ್ಜ್ ಮಾಡೋ ಎಂಜಿನ್ನಿನಲ್ಲಿ ಒಂದು ಸಂದಿಯನ್ನ ಇಂಚಿನ ಸಾವಿರದ ಲೆಕ್ಕದಲ್ಲಿ ಸರಿಯಾಗಿ ಇಡಬೇಕಿತ್ತು. ಅದನ್ನ ಅಳೆಯೋ ಫೀಲರ್ ಗೇಜ್ ಇರಲಿಲ್ಲ. ಅವರು ಒಂದು ಪುಸ್ತಕ ತಗೊಂಡು ಒಂದು ಇಂಚು ದಪ್ಪಕ್ಕೆ ಎಷ್ಟು ಹಾಳೆ ಅಂತ ಎಣಿಸಿದರು. 200 ಹಾಳೆ. ಅಂದ್ರೆ ಒಂದು ಹಾಳೆ ಇಂಚಿನ ಸಾವಿರದ 5 ಪಾಲು. ಬೇಕಾಗಿದ್ದು 12ರಿಂದ 15. ಮೂರು ಹಾಳೆ ಒಟ್ಟಿಗೆ ಇಟ್ಟರು, ಗೇಜ್ ಸಿಕ್ಕಿತು.

ಇಲ್ಲಿ ಜಾಣತನ ಪುಸ್ತಕದಲ್ಲಿಲ್ಲ. ಆ ಸಂದಿ ಎಷ್ಟಿರಬೇಕು, ಯಾಕಿರಬೇಕು ಅನ್ನೋದು ಅವರಿಗೆ ಗೊತ್ತಿತ್ತಲ್ಲ, ಅಲ್ಲಿದೆ. ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಗೊತ್ತಿದ್ದವರಿಗೆ ಮಾತ್ರ ಬದಲಿ ಸಾಮಾನು ಕಣ್ಣಿಗೆ ಬೀಳೋದು.

ರಿಪೇರಿ ಆಗದೇ ಇರೋದು

ಹಾಗಂತ ಎಲ್ಲ ಸರಿಮಾಡಬಹುದು ಅಂತ ಹೇಳಿದ್ರೆ ಅದು ಸುಳ್ಳು. 2018ರಲ್ಲೂ ಅಭಿಲಾಷ್ ಇದೇ ರೇಸಿಗೆ ಹೋಗಿದ್ದರು. ಆಗಿನ ದೋಣಿ ತುರೀಯ, ಸುಹೈಲಿಯ ತದ್ರೂಪು. ಸೆಪ್ಟೆಂಬರ್ 21ರಂದು ದಕ್ಷಿಣ ಹಿಂದೂ ಮಹಾಸಾಗರದ ಬಿರುಗಾಳಿಯಲ್ಲಿ ದೋಣಿ ಮಗುಚಿ ಎದ್ದಿತು. ಕೂವೆಮರ, ಅಂದ್ರೆ ಹಾಯಿ ಕಟ್ಟೋ ಕಂಬ, ಮುರಿದು ಬಿತ್ತು. ಅವರ ಬೆನ್ನುಮೂಳೆಗೆ ಪೆಟ್ಟಾಗಿ ಏಳೋಕೇ ಆಗಲಿಲ್ಲ. ಮಲಗಿದ ಜಾಗದಿಂದಲೇ ಪರಿಸ್ಥಿತಿ ತಿಳಿಸಿ ಸಂದೇಶ ಕಳಿಸಿದರು.

ಅದೇ ಬಿರುಗಾಳಿಯಲ್ಲಿ ಐರ್ಲೆಂಡಿನ ಗ್ರೆಗರ್ ಮೆಕ್‌ಗಕಿನ್ ಅವರ ಕೂವೆಮರವೂ ಹೋಗಿತ್ತು. ಅವರು ಉಳಿದ ಕಂಬದ ತುಂಡುಗಳಿಂದ ತಾತ್ಕಾಲಿಕ ಹಾಯಿ ಎಬ್ಬಿಸಿಕೊಂಡು, ದಡದ ಕಡೆ ಅಲ್ಲ, ಅಭಿಲಾಷ್ ಬಿದ್ದಿದ್ದ ಕಡೆ ತಿರುಗಿದರು. ಕೊನೆಗೆ ಸೆಪ್ಟೆಂಬರ್ 24ರಂದು ಫ್ರಾನ್ಸಿನ ಒಸಿರಿಸ್ ಅನ್ನೋ ಹಡಗು ಅಭಿಲಾಷ್ ಅವರನ್ನ ಎತ್ತಿಕೊಂಡಿತು. ಆಮೇಲೆ ಶಸ್ತ್ರಚಿಕಿತ್ಸೆ, ಬೆನ್ನಿಗೆ ಟೈಟಾನಿಯಂ ಸರಳು, ಮತ್ತೆ ನಡೆಯೋದನ್ನ ಕಲಿಯೋದು. ಟಾಯ್ಲೆಟ್ ಬಾಗಿಲು ಕೊಯ್ದಿದ್ದು ಆ ಬೆನ್ನು ಇಟ್ಟುಕೊಂಡೇ.

2022ರಲ್ಲೂ ಹೀಗೇ ಆಯಿತು. ನವೆಂಬರ್ 18ರಂದು ಫಿನ್ಲೆಂಡಿನ ತಾಪಿಯೊ ಲೆಹ್ತಿನೆನ್ ಅವರ ದೋಣಿ ಕೆಲವೇ ನಿಮಿಷಗಳಲ್ಲಿ ಮುಳುಗಿತು. ರಿಪೇರಿಗೆ ಸಮಯವೇ ಇರಲಿಲ್ಲ, ರಬ್ಬರ್ ತೆಪ್ಪಕ್ಕೆ ಹಾರಿದರು. ಮಾರನೇ ದಿನ ಅವರನ್ನ ಹುಡುಕಿ ಹತ್ತಿಸಿಕೊಂಡವರು ಕರ್ಸ್ಟನ್. ರೇಸ್ ಬಿಟ್ಟು ದಾರಿ ತಿರುಗಿಸಿ ಹೋಗಿ, ಒಂದು ಸರಕು ಹಡಗಿಗೆ ಅವರನ್ನ ಒಪ್ಪಿಸಿ, ಮತ್ತೆ ರೇಸಿಗೆ ಬಂದು, ಗೆದ್ದರು.

ಬಂದರಿಗೆ ಹೋಗಿ ಸರಿಮಾಡಿಸೋದು ಸೋಲು ಅಂತಲೂ ಅಂದ್ಕೋಬೇಡಿ. ನಮ್ಮ ನೌಕಾಪಡೆಯ ಆರು ಮಹಿಳಾ ಅಧಿಕಾರಿಗಳು, ವರ್ತಿಕಾ ಜೋಶಿ ಅವರ ನೇತೃತ್ವದಲ್ಲಿ, ಗೋವಾದಲ್ಲಿ ಕಟ್ಟಿದ ತಾರಿಣಿ ದೋಣಿಯಲ್ಲಿ 2017-18ರಲ್ಲಿ ಭೂಮಿ ಸುತ್ತಿದರು. ಅದು ರೇಸ್ ಅಲ್ಲ. ಕೊನೆಯ ಹಂತದಲ್ಲಿ, 2018ರ ಏಪ್ರಿಲ್‌ನಲ್ಲಿ, ಚುಕ್ಕಾಣಿ ವ್ಯವಸ್ಥೆ ಕೆಟ್ಟಿತು. ಮನೆ ಹತ್ತಿರ ಇತ್ತು, ಆದರೂ ಮಾರಿಷಸ್‌ನ ಪೋರ್ಟ್ ಲೂಯಿಗೆ ಹೋಗಿ ಸರಿಮಾಡಿಸಿಕೊಂಡು ಮೇ 21ರಂದು ಗೋವಾಕ್ಕೆ ಬಂದರು. ಆರು ಜೀವ ಇರೋ ದೋಣಿಯಲ್ಲಿ ಅದೇ ಸರಿಯಾದ ಲೆಕ್ಕ. ಯಾವುದನ್ನ ನಾವೇ ಸರಿಮಾಡಬೇಕು, ಯಾವುದಕ್ಕೆ ದಡ ಸೇರಬೇಕು, ಯಾವಾಗ ಕೈಬಿಟ್ಟು ಜೀವ ಉಳಿಸ್ಕೋಬೇಕು ಅನ್ನೋ ತೀರ್ಮಾನವೂ ರಿಪೇರಿಯ ಭಾಗವೇ.

ನಮಗೇನು?

ಹಾಯಿ ಮತ್ತು ಹೊಲಿಗೆಯ ಕತೆ ನಮ್ಮ ಕರಾವಳಿಯಲ್ಲೂ ನಡೀತಿದೆ. ಹಲಗೆಗಳನ್ನ ಮೊಳೆ ಇಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಕೌಂಡಿನ್ಯ ಅನ್ನೋ ಹಡಗನ್ನ 2025ರ ಮೇ 21ರಂದು ಕಾರವಾರದಲ್ಲೇ ನೌಕಾಪಡೆಗೆ ಸೇರಿಸಿದರು. ಅದರ ಹಾಯಿಯ ಮೇಲೆ ಇರೋದು ಗಂಡಭೇರುಂಡ.

ಚಳ್ಳಕೆರೆಯ ವೆಲ್ಡಿಂಗ್ ಶೆಡ್ಡು, ಲೇತ್ ಅಂಗಡಿ, ಮೋಟರ್ ವೈಂಡಿಂಗ್ ಮಾಡೋರ ಪುಟ್ಟ ರೂಮು, ಮೊಳಕಾಲ್ಮೂರಿನ ಮಗ್ಗದ ಗುಂಡಿ, ಕಂಬಳಿ ನೇಯೋರ ಅಂಗಳ. ಇಲ್ಲೆಲ್ಲ ಕೂತಿರೋರು ಸಮುದ್ರ ನೋಡಿಲ್ಲದೇ ಇರಬಹುದು. ಆದರೆ ಇದ್ದಿದ್ದರಲ್ಲೇ ಕೆಲಸ ಸಾಗಿಸೋ ಈ ವಿದ್ಯೆ ಅವರ ಕೈಯಲ್ಲಿದೆ. ನನಗೆ ಇರೋ ಕಳವಳ ಒಂದೇ. ಆ ಕೈಗಳ ಪಕ್ಕದಲ್ಲಿ ಕೂತು ಕಲಿಯೋ ನಮ್ಮ ವಯಸ್ಸಿನವರು ಕಡಿಮೆಯಾಗ್ತಿದ್ದಾರೆ. ಕೆಟ್ಟಿದ್ದನ್ನ ಎಸೆದು ಹೊಸದು ಆರ್ಡರ್ ಮಾಡೋದು ಸುಲಭ, ನಾನೂ ಮಾಡ್ತೀನಿ. ಆದರೆ ಡೆಲಿವರಿ ಬರದ ಜಾಗಗಳೂ ಜೀವನದಲ್ಲಿ ಇವೆ.

ಅದಕ್ಕೆ ಒಂದು ಕೆಲಸ ಕೊಡ್ತೀನಿ. ಈ ವಾರ ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಏನಾದರೂ ರಿಪೇರಿ ಮಾಡ್ತಿರೋರ ಪಕ್ಕ ಅರ್ಧ ಗಂಟೆ ಕೂರಿ. ಏನ್ ಮಾಡ್ತಿದ್ದೀರಿ ಅಂತ ಕೇಳೋದರ ಜೊತೆಗೆ, ಯಾಕೆ ಹಾಗೆ ಅಂತಲೂ ಕೇಳಿ. ಅವರು ಒಪ್ಪಿದರೆ ಒಂದು ನಿಮಿಷ ರೆಕಾರ್ಡ್ ಮಾಡಿ ಕಳಿಸಿ. ಒಳ್ಳೇದನ್ನ ಮುಂದಿನ ಸಂಚಿಕೆಯಲ್ಲಿ ಎಲ್ಲರಿಗೂ ಕೇಳಿಸ್ತೀನಿ.

ಸಿಗೋಣ. ನಮಸ್ಕಾರ.